ಬಿಸ್ಸಾವಿನ ಬೀಜ, ಕುಂದಾಪುರದ ತಕ್ಕಡಿ

ಕೊಲ್ಲೂರಿಗೆ ಬಂದ ಯಾತ್ರಿಕರು ಹಿಂದಿರುಗುವ ದಾರಿಯಲ್ಲಿ ಹೆಮ್ಮಾಡಿಯಲ್ಲೋ ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರವೋ ಕಾರು ನಿಲ್ಲಿಸಿ ಅರ್ಧ ಕಿಲೋ ಗೋಡಂಬಿ ಕಟ್ಟಿಸಿಕೊಳ್ಳುವುದುಂಟು. ‘ಇಲ್ಲಿಯದೇ ಅಲ್ವಾ?’ ಎಂಬುದು ಅವರ ಖಾಯಂ ಪ್ರಶ್ನೆ. ‘ಹೌದ್ ಮಾರಾಯ್ರೆ, ನಮ್ಮೂರ್ ಫ್ಯಾಕ್ಟ್ರಿದೇ’ ಎಂಬುದು ಅಂಗಡಿಯವರ ಖಾಯಂ ಉತ್ತರ. ಉತ್ತರದಲ್ಲಿ ಸುಳ್ಳಿಲ್ಲ, ಆದರೆ ಕೇಳಿದ್ದೊಂದು, ಹೇಳಿದ್ದೊಂದು. ಬೇಯಿಸಿದ್ದು, ಒಡೆದದ್ದು, ಒಣಗಿಸಿ ಸಿಪ್ಪೆ ತೆಗೆದದ್ದು, ಆರಿಸಿ ಡಬ್ಬಿಗೆ ತುಂಬಿದ್ದು ಎಲ್ಲ ಇಲ್ಲಿಯೇ. ಮರದಲ್ಲಿ ಬಿಟ್ಟದ್ದು ಮಾತ್ರ ಗಿನಿ ಬಿಸ್ಸಾವಿನಲ್ಲೋ ಐವರಿ ಕೋಸ್ಟಿನಲ್ಲೋ ಘಾನಾದಲ್ಲೋ ಟಾಂಜಾನಿಯಾದಲ್ಲೋ ಇರಬಹುದು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ವಿದೇಶದಿಂದ ಮಾಲು ತರಿಸುವ ವ್ಯಾಪಾರ ಎಂದರೆ ಮೊದಲು ಲೆಕ್ಕಕ್ಕೆ ಬರುವುದು ಗೇರುಬೀಜವೇ. ಬೆಳಗ್ಗೆ ಎಂಟರ ಹೊತ್ತಿಗೆ ಹಳ್ಳಿ ರಸ್ತೆಗಳಲ್ಲಿ ಬುತ್ತಿಚೀಲ ಹಿಡಿದು ಬಸ್ಸಿಗೋ ಫ್ಯಾಕ್ಟರಿಯ ವ್ಯಾನಿಗೋ ಕಾಯುವ ಹೆಂಗಸರಲ್ಲಿ ಬಹುಮಂದಿಯ ದುಡಿಮೆ ಈ ಬೀಜದ ಮೇಲೆ ನಿಂತಿದೆ. ಅದು ಬಂದರಿಗೆ ಬರದಿದ್ದರೆ ಬಾಯ್ಲರ್ ಹೊತ್ತಿಸುವ ಪ್ರಶ್ನೆಯೇ ಇಲ್ಲ.

ಕಾರಣ ಸರಳ. ಕರಾವಳಿಯ ಗೇರು ಬೆಳೆ ಫೆಬ್ರವರಿ ಕೊನೆಗೆ ಶುರುವಾಗಿ ಮೇ ಮುಗಿಯುವುದರೊಳಗೆ ಮುಗಿಯುತ್ತದೆ. ಫ್ಯಾಕ್ಟರಿಗೆ ವರ್ಷಪೂರ್ತಿ ಕೆಲಸ ಬೇಕು. ದೇಶದ ಒಟ್ಟು ಬೆಳೆ ಏಳೂವರೆ ಲಕ್ಷ ಟನ್ನಿನ ಆಸುಪಾಸು. ದೇಶದ ಫ್ಯಾಕ್ಟರಿಗಳು ಒಡೆಯಬಲ್ಲದ್ದು ಅದರ ಎರಡು ಪಾಲಿನಷ್ಟು. ಉಳಿದದ್ದನ್ನು ಆಫ್ರಿಕಾ ತುಂಬಿಸಬೇಕು. ಅಲ್ಲಿನ ಹಂಗಾಮಿನ ಅನುಕೂಲವೂ ಇದೆ: ಪಶ್ಚಿಮ ಆಫ್ರಿಕದ ಬೀಜ ಫೆಬ್ರವರಿಯಿಂದ ಜೂನ್‌ವರೆಗೆ ಕೊಯ್ಲಾದರೆ, ಭೂಮಧ್ಯರೇಖೆಯ ಆಚೆಗಿನ ಟಾಂಜಾನಿಯಾ, ಮೊಜಾಂಬಿಕ್‌ಗಳಲ್ಲಿ ಅಕ್ಟೋಬರ್‌ನಿಂದ ಜನವರಿಯವರೆಗೆ. ಎರಡನ್ನೂ ಜೋಡಿಸಿಕೊಂಡರೆ ನಮ್ಮ ಮಳೆಗಾಲವೂ ದಾಟುತ್ತದೆ, ಬೇಸಿಗೆಯೂ ದಾಟುತ್ತದೆ.

ಗೇರು ಮರವೇ ಪರದೇಶದ್ದು. ಬ್ರೆಜಿಲಿನ ಈಶಾನ್ಯ ಕರಾವಳಿಯಿಂದ ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ತಂದದ್ದು. ಅದೇ ಪೋರ್ಚುಗೀಸರು 1569ರಲ್ಲಿ ಕುಂದಾಪುರದ ಪಕ್ಕದ ಬಸ್ರೂರನ್ನು ಹಿಡಿದು ಕೋಟೆ ಕಟ್ಟಿದರು. ಅವರಿಗೆ ಬೇಕಾಗಿದ್ದದ್ದು ಇಲ್ಲಿಯ ಅಕ್ಕಿ. ಗೋವೆಯ ಹೊಟ್ಟೆ ತುಂಬುತ್ತಿದ್ದದ್ದು ಈ ನದೀಮುಖದ ಅಕ್ಕಿಯಿಂದ. 1665ರಲ್ಲಿ ಶಿವಾಜಿ ಹಡಗುಪಡೆಯೊಂದಿಗೆ ಬಂದು ಬಸ್ರೂರಿನ ಮೇಲೆ ಬಿದ್ದದ್ದೂ ಅದು ದುಡ್ಡಿದ್ದ ಪೇಟೆಯಾಗಿತ್ತು ಎಂಬ ಕಾರಣಕ್ಕೇ. ಕಡಲಾಚೆಯ ವ್ಯಾಪಾರ ಈ ಊರುಗಳಿಗೆ ಹೊಸತಲ್ಲ. ಆಗ ಇಲ್ಲಿಂದ ತುಂಬಿ ಹೋಗುತ್ತಿತ್ತು, ಈಗ ಅಲ್ಲಿಂದ ತುಂಬಿ ಬರುತ್ತದೆ, ಅಷ್ಟೇ.

ಗೋಡಂಬಿಯನ್ನು ಉದ್ಯಮವಾಗಿ ಮಾಡಿದ್ದು ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಮಂಗಳೂರು ಮತ್ತು ಕೊಲ್ಲಂ. ಮಂಗಳೂರಿನಲ್ಲಿ ಪಿಯರ್ಸ್ ಲೆಸ್ಲಿ ಕಂಪೆನಿಯ ಹೆಸರನ್ನು ಹಳಬರು ಈಗಲೂ ಹೇಳುತ್ತಾರೆ. ಅಮೆರಿಕದಲ್ಲಿ ಬೇಡಿಕೆ ಹೆಚ್ಚಿದಂತೆ ಊರಿನ ಬೀಜ ಸಾಲದಾಯಿತು. ಪೂರ್ವ ಆಫ್ರಿಕದಿಂದ ಬೀಜ ತರಿಸುವ ರೂಢಿ ಸ್ವಾತಂತ್ರ್ಯಕ್ಕೆ ಮೊದಲೇ ಬಂತು. 1970ರಲ್ಲಿ ಕೇಂದ್ರ ಸರಕಾರ ಕ್ಯಾಶ್ಯೂ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆ ಮಾಡಿ ಆಮದನ್ನೆಲ್ಲ ಅದರ ಕೈಗೆ ಕೊಟ್ಟಿತು. ಆಗ ಫ್ಯಾಕ್ಟರಿಯವರು ಬೀಜಕ್ಕಾಗಿ ಸರಕಾರದ ಹಂಚಿಕೆ ಕಾಯಬೇಕಿತ್ತು. ಆ ಕಟ್ಟು ಸಡಿಲವಾದ ಮೇಲೆಯೇ ಸಣ್ಣ ಊರುಗಳ ಸಣ್ಣ ಫ್ಯಾಕ್ಟರಿಗಳಿಗೂ ಆಫ್ರಿಕಾ ಹತ್ತಿರವಾದದ್ದು. ಅತ್ತ ಆಫ್ರಿಕದಲ್ಲೂ ಈ ಬೀಜದ ಮೇಲೆಯೇ ವ್ಯಾಪಾರ ಕಟ್ಟಿದವರಿದ್ದಾರೆ. ಇಂದು ಜಗತ್ತಿನ ದೊಡ್ಡ ಕೃಷಿ ಸರಕು ಕಂಪೆನಿಗಳಲ್ಲಿ ಒಂದಾದ ಓಲಂ ಹುಟ್ಟಿದ್ದು 1989ರಲ್ಲಿ ನೈಜೀರಿಯಾದಲ್ಲಿ. ಅದರ ಮೊದಲ ವ್ಯಾಪಾರ ನೈಜೀರಿಯಾದ ಹಸಿ ಗೇರುಬೀಜವನ್ನು ಭಾರತಕ್ಕೆ ಕಳಿಸುವುದು.

ಈಗ ಬೀಜ ಇಳಿಯುವುದು ಪಣಂಬೂರಿನಲ್ಲಿ. ಅಲ್ಲಿಯ ನವಮಂಗಳೂರು ಬಂದರಿನಿಂದ ಹೊರಗೆ ಹೋಗುವ ಕಂಟೇನರುಗಳಲ್ಲಿ ಕಾಫಿ ಮುಖ್ಯ, ಒಳಗೆ ಬರುವವುಗಳಲ್ಲಿ ಗೇರುಬೀಜ ಮುಖ್ಯ. ಅಲ್ಲಿಂದ ಲಾರಿ ಹೆದ್ದಾರಿ 66 ಹಿಡಿದು ಬ್ರಹ್ಮಾವರ, ಕೋಟ ದಾಟಿ ಕುಂದಾಪುರಕ್ಕೆ, ಮುಂದೆ ಬೈಂದೂರು ಕಡೆಗೆ. ಇಪ್ಪತ್ತಡಿಯ ಕಂಟೇನರಿನಲ್ಲಿ 80 ಕಿಲೋದ ಸುಮಾರು 200 ಗೋಣಿ, ಎಂದರೆ 16 ಟನ್.

ಎಲ್ಲರೂ ಆಫ್ರಿಕಾದವರೊಂದಿಗೆ ನೇರವಾಗಿ ವ್ಯವಹರಿಸುವುದಿಲ್ಲ. ದೊಡ್ಡವರಿಗೆ ಬಿಸ್ಸಾವಿನಲ್ಲೋ ಐವರಿ ಕೋಸ್ಟಿನ ಅಬಿಜಾನಿನಲ್ಲೋ ಸ್ವಂತ ಜನ ಇರುತ್ತಾರೆ; ಹಂಗಾಮಿನ ಮೂರು ತಿಂಗಳು ಅಲ್ಲೇ ಬಾಡಿಗೆ ಮನೆ ಹಿಡಿದು, ಗೋದಾಮಿನಿಂದ ಗೋದಾಮಿಗೆ ಓಡಾಡಿ ಮಾಲು ನೋಡುವವರು. ಕುಚ್ಚಲಕ್ಕಿ, ಉಪ್ಪಿನಕಾಯಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗುತ್ತಾರೆ. ಪೋರ್ಚುಗೀಸು, ಫ್ರೆಂಚಿನಲ್ಲಿ ಚೌಕಾಸಿಗೆ ಬೇಕಾದಷ್ಟು ಮಾತ್ರ ಕಲಿತು ಬರುತ್ತಾರೆ. ಸಣ್ಣ ಫ್ಯಾಕ್ಟರಿಯವರು ಮಂಗಳೂರಿನ ಆಮದುದಾರರಿಂದಲೋ ಕೊಲ್ಲಂನವರಿಂದಲೋ ಒಂದು ಲೋಡು, ಎರಡು ಲೋಡು ಎತ್ತುತ್ತಾರೆ. ಹಡಗು ಇನ್ನೂ ನಡುಗಡಲಲ್ಲಿರುವಾಗಲೇ ಸರಕಿನ ಕಾಗದ ಕೈ ಬದಲಾಯಿಸುವ ‘ಹೈ ಸೀ ಸೇಲ್’ ಇಲ್ಲಿ ಮಾಮೂಲು.

ದರದ ಮಾತು ಬಂದಾಗ ಮೊದಲು ಕೇಳುವುದು ಡಾಲರ್ ಎಷ್ಟು ಎಂದಲ್ಲ, ‘ಔಟ್‌ಟರ್ನ್ ಎಷ್ಟು?’ ಎಂದು. 80 ಕಿಲೋದ ಒಂದು ಗೋಣಿ ಒಡೆದರೆ ಎಷ್ಟು ಪೌಂಡ್ ಒಳ್ಳೆಯ ತಿರುಳು ಸಿಗುತ್ತದೆ ಎಂಬುದೇ ಔಟ್‌ಟರ್ನ್. ಅಮೆರಿಕ ಬಿಟ್ಟರೆ ಜಗತ್ತೆಲ್ಲ ಕಿಲೋಗೆ ಬಂದು ಎಷ್ಟೋ ಕಾಲವಾದರೂ ಗೇರು ಪೇಟೆ ಪೌಂಡನ್ನು ಬಿಟ್ಟಿಲ್ಲ. ತಿರುಳಿನ ದರ್ಜೆಯೂ ಪೌಂಡಿನ ಲೆಕ್ಕವೇ: ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ, ಡಬ್ಲ್ಯು 180 ಎಂದರೆ ಬರೀ 170–180, ಎಂದರೆ ದಪ್ಪ ಬೀಜ, ದುಬಾರಿ ಬೀಜ.

ಆ ಔಟ್‌ಟರ್ನ್ ಕಂಡುಹಿಡಿಯುವ ‘ಕಟಿಂಗ್ ಟೆಸ್ಟ್’ ನೋಡುವಂಥದ್ದು. ಲೋಡಿನ ಅಲ್ಲೊಂದು ಇಲ್ಲೊಂದು ಗೋಣಿಯಿಂದ ಹಿಡಿ ಹಿಡಿ ಬೀಜ ತೆಗೆದು ನೆಲದ ಮೇಲೆ ರಾಶಿ ಹಾಕಿ ಕಲಸುತ್ತಾರೆ. ರಾಶಿಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಕಲಸಿ, ಕೊನೆಗೆ ತಕ್ಕಡಿಗೆ ಸರಿಯಾಗಿ ಒಂದು ಕಿಲೋ. ಮೊದಲು ಎಣಿಕೆ. ಕಿಲೋಗೆ 190 ಬೀಜ ಬಂದರೆ ಮುಖ ಅರಳುತ್ತದೆ. 220 ದಾಟಿದರೆ ಸಣ್ಣ ಬೀಜ, ಸಣ್ಣ ತಿರುಳು. ಆಮೇಲೆ ಒಂದೊಂದನ್ನೇ ಕಟ್ಟರಿಗೆ ಕೊಟ್ಟು ಉದ್ದಕ್ಕೆ ಸೀಳುವುದು. ಚಿಪ್ಪಿನ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ, ಹಾಗಾಗಿ ಬೆರಳಿಗೆ ಹರಳೆಣ್ಣೆ. ಸೀಳಿದ ಬೀಜ ನಾಲ್ಕೈದು ಗುಂಪಾಗುತ್ತದೆ: ಬೆಳ್ಳಗೆ ತುಂಬಿದ್ದು, ಹುಳು ಚುಚ್ಚಿ ಚುಕ್ಕೆ ಬಿದ್ದದ್ದು, ಬಲಿಯದೆ ಮುರುಟಿದ್ದು, ಎಣ್ಣೆ ಇಳಿದು ಹಳದಿಯಾದದ್ದು, ಬೂಸ್ಟು ಹಿಡಿದದ್ದು. ಒಳಗೇನೂ ಇಲ್ಲದ ಟೊಳ್ಳು ಬೀಜವೂ ಸಿಗುತ್ತದೆ. ಒಳ್ಳೆಯ ತಿರುಳಿನ ಪೂರ್ತಿ ತೂಕ, ಚುಕ್ಕೆ ಬಿದ್ದದ್ದರ ಅರ್ಧ ತೂಕ ಕೂಡಿಸಿ ಗ್ರಾಂ ಲೆಕ್ಕದಲ್ಲಿ ಬರೆದು, 0.1764ರಿಂದ ಗುಣಿಸಿದರೆ ಔಟ್‌ಟರ್ನ್. ಕಿಲೋ ಬೀಜದಲ್ಲಿ 272 ಗ್ರಾಂ ತಿರುಳು ಸಿಕ್ಕರೆ 48 ಪೌಂಡ್. ಗಿನಿ ಬಿಸ್ಸಾವಿನ ಒಳ್ಳೆಯ ಮಾಲು 50 ದಾಟುತ್ತದೆ. ಹಾಗಾಗಿಯೇ ಅದಕ್ಕೆ ಪೇಟೆಯಲ್ಲಿ ಅಷ್ಟು ಮರ್ಯಾದೆ. ನೈಜೀರಿಯಾದ್ದು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ.

ಒಂದು ಪೌಂಡಿನ ವ್ಯತ್ಯಾಸ ದೊಡ್ಡದಲ್ಲ ಅನ್ನಿಸಬಹುದು. 200 ಗೋಣಿಯ ಕಂಟೇನರಿನಲ್ಲಿ ಗೋಣಿಗೊಂದು ಪೌಂಡ್ ಕಡಿಮೆಯಾದರೆ 90 ಕಿಲೋ ತಿರುಳು ಹೋಯಿತು. ಕಿಲೋಗೆ 700 ರೂಪಾಯಿ ಹಿಡಿದರೂ 63,000 ರೂಪಾಯಿ. ಹತ್ತು ಕಂಟೇನರ್ ತರಿಸಿದವನಿಗೆ ಆರು ಲಕ್ಷಕ್ಕೂ ಮಿಕ್ಕಿ. ಒಪ್ಪಂದದಲ್ಲಿ ‘48/46’ ಎಂದು ಬರೆದುಕೊಳ್ಳುವುದು ಈ ಕಾರಣಕ್ಕೆ: 48 ಕೊಡುತ್ತೇನೆಂದು ಮಾರುವವನ ಮಾತು, 46ಕ್ಕಿಂತ ಇಳಿದರೆ ಮಾಲು ಬೇಡ ಎನ್ನಲು ಕೊಳ್ಳುವವನ ಹಕ್ಕು, ನಡುವಿನದಕ್ಕೆ ದರ ಕಡಿತ. ಅಲ್ಲಿ ಹತ್ತಿಸುವಾಗ ಎಸ್‌ಜಿಎಸ್, ಬ್ಯೂರೋ ವೆರಿಟಾಸ್‌ನಂಥ ತಪಾಸಣೆ ಕಂಪೆನಿಗಳು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುತ್ತವೆ. ಆದರೂ ಹತ್ತಿಸಿದ ಬೀಜವೇ ಇಳಿಯುವುದಿಲ್ಲ. ಹಸಿ ಇದ್ದ ಬೀಜ ದಾರಿಯಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತದೆ. ಕೊಲಂಬೊದಲ್ಲಿ ಹಡಗು ಬದಲಾಯಿಸಲು ಕಾದು ಕೂತರೆ ಕಂಟೇನರಿನ ತಗಡಿನಿಂದ ತೇವ ಹನಿದು ಮೇಲಿನ ಗೋಣಿಗಳು ಬೂಸ್ಟು ಹಿಡಿಯುತ್ತವೆ. ಹಾಗಾಗದಿರಲಿ ಎಂದು ಒಳಗೆ ದಪ್ಪ ಕಾಗದ ಹೊದೆಸಿ ತೇವ ಹೀರುವ ಚೀಲ ನೇತುಹಾಕುತ್ತಾರೆ. ಆ ಗೋಣಿಗಳಾದರೂ ಎಲ್ಲಿಯವು? ಬಹಳಷ್ಟು ಬಂಗಾಳದ ಸೆಣಬಿನವೇ. ಇಲ್ಲಿಂದ ಖಾಲಿ ಹೋಗಿ ತುಂಬಿ ಬರುತ್ತವೆ.

ಮಾಲಿಗಿಂತ ಕಾಗದ ಹೆಚ್ಚು ಕಾಡುತ್ತದೆ. ಬಿಲ್ ಆಫ್ ಲೇಡಿಂಗ್, ಸಸ್ಯ ಆರೋಗ್ಯ ಪ್ರಮಾಣಪತ್ರ, ಹುಳುಮದ್ದು ಹೊಗೆ ಹಾಕಿದ್ದಕ್ಕೆ ಪತ್ರ, ಯಾವ ದೇಶದ ಬೆಳೆ ಎಂಬ ಪತ್ರ. ಒಂದರಲ್ಲಿ ಅಕ್ಷರ ತಪ್ಪಿದರೂ ಬಂದರಿನಲ್ಲಿ ಕಂಟೇನರ್ ಕೂರುತ್ತದೆ, ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ. ಬಿಲ್ ಆಫ್ ಲೇಡಿಂಗಿನ ಮೂಲ ಪ್ರತಿ ಯಾರ ಕೈಯಲ್ಲಿದೆಯೋ ಮಾಲು ಅವರದು. ಇದು ಎಷ್ಟು ಅಪಾಯದ ಸಂಗತಿ ಎಂಬುದನ್ನು 2022ರಲ್ಲಿ ವಿಯೆಟ್ನಾಂ ಕಂಡಿತು: ಇಟಲಿಗೆ ಮಾರಿದ ಗೋಡಂಬಿಯ ನೂರು ಕಂಟೇನರುಗಳ ಪೈಕಿ ಮೂವತ್ತಾರು ಕಂಟೇನರುಗಳ ಮೂಲ ದಾಖಲೆಗಳು ಬ್ಯಾಂಕಿನ ದಾರಿಯಲ್ಲೇ ಮಾಯವಾದವು. ಸರಕಾರದ ಮಟ್ಟದಲ್ಲಿ ಓಡಾಡಿ, ನ್ಯಾಯಾಲಯ ಪೊಲೀಸು ಎಲ್ಲ ಆದ ಮೇಲೆಯೇ ಅವು ವಿಯೆಟ್ನಾಮಿನವರ ಕೈ ಸೇರಿದ್ದು. ನಮ್ಮವರಿಗೆ ಇದರ ಉಲ್ಟಾ ಭಯ. ವೆಬ್‌ಸೈಟು, ಗೋದಾಮಿನ ಫೋಟೊ, ಚಂದದ ಲೆಟರ್‌ಹೆಡ್ ಎಲ್ಲ ಇಟ್ಟುಕೊಂಡು, ಪೇಟೆಗಿಂತ ಟನ್ನಿಗೆ ನೂರು ಡಾಲರ್ ಕಡಿಮೆಗೆ ಕೊಡುತ್ತೇನೆ, ಅಡ್ವಾನ್ಸ್ ಕಳಿಸಿ ಎನ್ನುವವರು. ಪೇಟೆಗಿಂತ ಅಗ್ಗ ಎಂದ ಕೂಡಲೇ ಫೋನ್ ಇಡಬೇಕು ಎಂಬುದು ಈ ವ್ಯಾಪಾರದಲ್ಲಿ ಮುದುಕರಾದವರ ಬುದ್ಧಿಮಾತು.

ಡಾಲರಿನ ಲೆಕ್ಕವೂ ಇದೆ. ಟನ್ನಿಗೆ 1,500 ಡಾಲರ್ ಎಂದುಕೊಂಡರೆ ಒಂದು ಕಂಟೇನರಿಗೆ 24,000 ಡಾಲರ್. ರೂಪಾಯಿ ಒಂದು ಇಳಿದರೆ 24,000 ರೂಪಾಯಿ ಮೇಲೆ ಬಿತ್ತು. ಏಪ್ರಿಲಿನಲ್ಲಿ ಕೊಂಡ ಬೀಜ ಒಡೆದು ಮಾರುವುದು ನವರಾತ್ರಿ, ದೀಪಾವಳಿಗೆ. ಅಲ್ಲಿಯವರೆಗೆ ಬ್ಯಾಂಕಿನ ಬಡ್ಡಿ ಓಡುತ್ತಿರುತ್ತದೆ. ಈಗ ನಮ್ಮ ಗೋಡಂಬಿಯ ದೊಡ್ಡ ಗಿರಾಕಿ ಅಮೆರಿಕವಲ್ಲ. ದಿಲ್ಲಿ, ಮುಂಬೈ, ಅಹಮದಾಬಾದಿನ ಡ್ರೈಫ್ರೂಟ್ ಪೇಟೆ. ಅಲ್ಲಿ ಮಿಠಾಯಿಯ ಹಂಗಾಮು ತಪ್ಪಿದರೆ ಗೋದಾಮಿನ ಮಾಲು ಹಳತಾಗುತ್ತದೆ.

ಬೀಜ ಆಫ್ರಿಕದ್ದಾದರೆ ಒಡೆಯುವ ಯಂತ್ರ ಈಚೆಗೆ ವಿಯೆಟ್ನಾಮಿನದು, ಬಣ್ಣ ನೋಡಿ ಆರಿಸುವ ಸಾರ್ಟರ್ ಚೀನಾದ್ದು. ಮೊದಲು ಬಂದದ್ದು ಇಟಲಿಯ ಬೊಲೊನ್ಯಾದ ಓಲ್ಟ್ರೆಮಾರೆ ಕಂಪೆನಿಯ ಯಂತ್ರಗಳು. ಹಬೆಯಲ್ಲಿ ಬೆಂದ ಬೀಜವನ್ನು ಕಾಲಿನ ಪೆಡಲು ಒತ್ತಿ ಒಂದೊಂದೇ ಒಡೆಯುವ ಹೆಂಗಸಿನ ಕೈಯಲ್ಲಿ ಇಡೀ ತಿರುಳು ಉಳಿಯುವ ಪ್ರಮಾಣ ಹೆಚ್ಚು. ಯಂತ್ರ ಬೇಗ ಒಡೆಯುತ್ತದೆ, ತಿರುಳನ್ನೂ ಹೆಚ್ಚು ಒಡೆಯುತ್ತದೆ. ಇಡೀ ತಿರುಳಿಗೂ ಹೋಳಿಗೂ ಕಿಲೋಗೆ ಗಣನೀಯ ದರವ್ಯತ್ಯಾಸ ಇರುವುದರಿಂದ ಅಲಗಿನ ಹೊಂದಾಣಿಕೆಯಲ್ಲೇ ಫ್ಯಾಕ್ಟರಿಯ ಲಾಭ ನಷ್ಟ. ಬಿಸ್ಸಾವಿನ ಬೀಜಕ್ಕೆ ಕೂರಿಸಿದ ಅಲಗು ಊರಿನ ದಪ್ಪ ಬೀಜ ಬಂದಾಗ ಜಜ್ಜುತ್ತದೆ. ಹಾಗಾಗಿ ಬೀಜವನ್ನು ಮೊದಲು ಜಾಲರಿ ಡ್ರಮ್ಮಿನಲ್ಲಿ ಗಾತ್ರವಾರು ಬೇರ್ಪಡಿಸಿ, ಒಂದೊಂದು ಗಾತ್ರಕ್ಕೂ ಬೇರೆ ಬೇರೆ ಅಲಗಿನ ತಲೆ. ಯಂತ್ರ ಕೊಳ್ಳುವಾಗ ದರದ ಚೌಕಾಸಿ ಜೋರಾಗಿ ನಡೆಯುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ನೆನಪಾಗುವುದು ಮಳೆಗಾಲದ ನಡುವೆ ಯಂತ್ರ ನಿಂತಾಗ. ಸಾರ್ಟರಿನ ಗಾಳಿ ಕವಾಟ ಕೆಟ್ಟರೆ ಚೀನಾದ ಎಂಜಿನಿಯರ್ ಫೋನಿನ ವಿಡಿಯೊದಲ್ಲಿ ಕೈಸನ್ನೆ ಮಾಡುತ್ತಾನೆ, ಇಲ್ಲಿಯ ಐಟಿಐ ಹುಡುಗ ಬಿಚ್ಚುತ್ತಾನೆ. ಆ ಹುಡುಗ ಇರುವ ಫ್ಯಾಕ್ಟರಿ ನಡೆಯುತ್ತದೆ. ಮಂಗಳೂರು, ಕೊಯಮತ್ತೂರಿನ ವರ್ಕ್‌ಶಾಪುಗಳು ಇಂಥ ಯಂತ್ರಗಳನ್ನು ತಾವೇ ಮಾಡತೊಡಗಿದ್ದರಲ್ಲಿ ಈ ಬಿಡಿಭಾಗದ ಸಂಕಟದ ಪಾಲೂ ಇದೆ.

   

ಇಷ್ಟೆಲ್ಲ ಜಾಣ್ಮೆ ನಿಂತಿರುವುದು ಒಂದು ನಂಬಿಕೆಯ ಮೇಲೆ: ಆಫ್ರಿಕಾ ಬೀಜವನ್ನು ಹಾಗೆಯೇ ಮಾರುತ್ತದೆ ಎಂಬುದರ ಮೇಲೆ. ಯಾಕೆ ಮಾರಬೇಕು? ಮೊಜಾಂಬಿಕ್ ಒಂದು ಕಾಲದಲ್ಲಿ ತಾನೇ ಒಡೆದು ತಿರುಳು ಮಾರುತ್ತಿತ್ತು. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಒತ್ತಡಕ್ಕೆ ಹಸಿ ಬೀಜದ ರಫ್ತು ಸುಂಕ ಇಳಿಸಿತು. ಬೀಜ ಭಾರತಕ್ಕೆ ಹರಿಯಿತು, ಅಲ್ಲಿಯ ಫ್ಯಾಕ್ಟರಿಗಳು ಮುಚ್ಚಿದವು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅರ್ಥಶಾಸ್ತ್ರಜ್ಞರು ಆ ಪ್ರಕರಣದ ಬಗ್ಗೆ ಇನ್ನೂ ಜಗಳವಾಡುತ್ತಾರೆ. ನಮ್ಮ ಕರಾವಳಿಯಲ್ಲಿ ಅದರ ಮಾತೇ ಇಲ್ಲ. ಲಾಭವಾದ ಕಡೆಯವರಿಗೆ ಇಂಥದ್ದು ನೆನಪಿರುವುದು ಕಡಿಮೆ.

ಈಗ ಸರದಿ ಬದಲಾಗಿದೆ. 2018ರಲ್ಲಿ ಟಾಂಜಾನಿಯಾದ ಅಧ್ಯಕ್ಷರಾಗಿದ್ದ ಜಾನ್ ಮಗುಫುಲಿ, ವ್ಯಾಪಾರಿಗಳು ಕೊಡುವ ದರ ಸಾಲದೆಂದು ಸೈನ್ಯವನ್ನೇ ಕಳಿಸಿ ಕಿಲೋಗೆ 3,300 ಶಿಲ್ಲಿಂಗಿನಂತೆ ರೈತರ ಬೀಜ ಎತ್ತಿಸಿದರು. ಜಗತ್ತಿನಲ್ಲೇ ಹೆಚ್ಚು ಗೇರು ಬೆಳೆಯುವ ಐವರಿ ಕೋಸ್ಟಿನ ಫಸಲು ಈಚಿನ ವರ್ಷಗಳಲ್ಲಿ ಹತ್ತು ಲಕ್ಷ ಟನ್ ಮುಟ್ಟಿದೆ. ಅಲ್ಲಿ ಸರಕಾರವೇ ರೈತರಿಗೆ ಕನಿಷ್ಠ ದರ ಗೊತ್ತುಮಾಡುತ್ತದೆ. 2024ಕ್ಕೆ ಕಿಲೋಗೆ 275 ಸಿಎಫ್‌ಎ ಫ್ರಾಂಕ್ ಇದ್ದದ್ದು 2025ಕ್ಕೆ 425 ಆಯಿತು. ಸ್ಥಳೀಯ ಫ್ಯಾಕ್ಟರಿಗಳಿಗೆ ಬೀಜ ಸಿಕ್ಕ ಮೇಲೆಯೇ ಹೊರಗಿನವರಿಗೆ ಎಂಬ ಹಟವೂ ಅಲ್ಲಿ ಗಟ್ಟಿಯಾಗುತ್ತಿದೆ. ಬೆನಿನ್ ಇನ್ನೂ ಮುಂದೆ ಹೋಗಿ 2024ರ ಏಪ್ರಿಲ್ 1ರಿಂದ ಹಸಿ ಬೀಜದ ರಫ್ತನ್ನೇ ನಿಷೇಧಿಸಿತು. ಅಲ್ಲಿಯ ಗ್ಲೋ ಜಿಗ್ಬೆ ಕೈಗಾರಿಕಾ ವಲಯದಲ್ಲಿ ಈಗ ಗೋಡಂಬಿ ಫ್ಯಾಕ್ಟರಿಗಳು. ಆ ವಲಯವನ್ನು ಸರಕಾರದ ಜೊತೆ ಸೇರಿ ಕಟ್ಟಿದ ಅರೈಸ್ ಕಂಪೆನಿಯ ಸ್ಥಾಪಕ ಗಗನ್ ಗುಪ್ತಾ ಭಾರತೀಯ ಮೂಲದವರು, ಮೊದಲು ಇದೇ ಓಲಂನಲ್ಲಿದ್ದವರು. ಹಸಿ ಬೀಜ ಭಾರತಕ್ಕೆ ಕಳಿಸುತ್ತ ಬೆಳೆದ ಕಂಪೆನಿಯಿಂದ ಬಂದವರು ಬೀಜ ಅಲ್ಲೇ ಉಳಿಯುವ ವ್ಯವಸ್ಥೆ ಮಾಡಿದರು. ಬೆನಿನ್ನಿನ ಹೆಂಗಸರಿಗೆ ಕೆಲಸ ಸಿಗುವುದನ್ನು ತಪ್ಪೆನ್ನಲು ನನ್ನಿಂದಾಗದು. ಹಾಗೆಂದು ಸಿದ್ದಾಪುರದ, ಶಿರೂರಿನ ಹೆಂಗಸರ ಕೆಲಸ ಹೋಗಲಿ ಎನ್ನಲೂ ಆಗದು.

ದಿಲ್ಲಿಯ ಧೋರಣೆ ಎರಡು ದೋಣಿಯ ಮೇಲಿನ ಕಾಲು. ಹಸಿ ಬೀಜ ಬರಲಿ ಎಂದು 2018ರ ಬಜೆಟ್ಟಿನಲ್ಲಿ ಸುಂಕವನ್ನು ಶೇ 5ರಿಂದ 2.5ಕ್ಕೆ ಇಳಿಸಿತು. ಒಡೆದ ತಿರುಳು ಬರಬಾರದು ಎಂದು 2019ರಲ್ಲಿ ಕನಿಷ್ಠ ಆಮದು ದರವನ್ನು ಇಡೀ ತಿರುಳಿಗೆ ಕಿಲೋಗೆ 720 ರೂಪಾಯಿಗೂ ಹೋಳಿಗೆ 680ಕ್ಕೂ ಏರಿಸಿತು. ವಿಯೆಟ್ನಾಮಿನ ಅಗ್ಗದ ತಿರುಳಿನಿಂದ ಫ್ಯಾಕ್ಟರಿಗಳನ್ನು ಕಾಪಾಡಲು ಹಾಕಿದ ಬೇಲಿ ಇದು. ಪೇಟೆಯ ದರವೇ 720ನ್ನು ದಾಟಿದ ದಿನ ಬೇಲಿ ಇದ್ದೂ ಇಲ್ಲದಂತೆ. ನಾಳೆ ಬೆನಿನ್ನಿನ ತಿರುಳು ಆ ದರಕ್ಕಿಂತ ಮೇಲೆಯೇ ಬಿಲ್ ಮಾಡಿಕೊಂಡು ಬಂದರೆ ಈ ಬೇಲಿ ತಡೆಯದು.

ಹಾಗಾದರೆ ಊರಿನ ಬೀಜ? 1978ರಲ್ಲಿ ಹುಟ್ಟಿದ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳು ಕುಂದಾಪುರ ಕಡೆಯ ಗುಡ್ಡಗಳಲ್ಲೂ ಇವೆ. ಬಹಳಷ್ಟು ಮರ ಮುಪ್ಪಾಗಿವೆ. ಜಡ್ಕಲ್, ಮುದೂರು ಕಡೆ ಗೇರು ಕಡಿದು ರಬ್ಬರ್ ಹಾಕಿದವರು ಈಗ ರಬ್ಬರ್ ದರ ನೋಡಿ ತಲೆ ಕೆರೆದುಕೊಳ್ಳುತ್ತಾರೆ. ಪುತ್ತೂರಿನಲ್ಲಿ 1986ರಿಂದ ಗೇರಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ, ಉಳ್ಳಾಲದ ತಳಿಗಳಿವೆ, ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಕಸಿ ಗಿಡ ಮೂರನೇ ವರ್ಷಕ್ಕೇ ಫಲ ಕೊಡುತ್ತದೆ. ಆದರೆ ಹೂ ಬಿಡುವ ಹೊತ್ತಿಗೆ ಅಕಾಲದ ಮಳೆ, ಟೀ ಸೊಳ್ಳೆ ಎಂಬ ಕೀಟದ ಕಾಟ. ಬೀಜ ಹೆಕ್ಕಲು ಜನವಿಲ್ಲ. ಆ ಟೀ ಸೊಳ್ಳೆಗೆಂದೇ ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ಊರ ಬೀಜ ಎಂದರೆ ಎಲ್ಲ ಒಳ್ಳೆಯದೇ ಎಂದು ಹೇಳುವಾಗ ಇದನ್ನು ಬಿಟ್ಟು ಹೇಳಲಾಗದು.

ಊರಿನ ದರವೂ ಊರಿನದಲ್ಲ. ಮಾರ್ಚ್ ಕೊನೆಗೆ ವಂಡ್ಸೆಯ ಅಂಗಡಿಯಲ್ಲಿ ರೈತ ಚೀಲ ಇಳಿಸಿದಾಗ ವ್ಯಾಪಾರಿ ಹೇಳುವ ದರ, ಅಬಿಜಾನಿನಿಂದ ಪಣಂಬೂರು ಮುಟ್ಟಲು ಬೀಳುವ ಖರ್ಚಿಗೆ ಹೋಲಿಸಿ ಮಂಗಳೂರಿನವರು ಬೆಳಗ್ಗೆ ಹೇಳಿದ್ದೇ. ಅಲ್ಲಿ ಸರಕಾರ ದರ ಏರಿಸಿದರೆ ಇಲ್ಲಿ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಏರುತ್ತದೆ. ಅಲ್ಲಿ ಭರ್ತಿ ಬೆಳೆ ಬಂದು ಹಡಗುಗಳು ಸಾಲುಗಟ್ಟಿದರೆ ಇಲ್ಲಿ ವ್ಯಾಪಾರಿ ‘ನಾಳಿಗೆ ಕಾಂಬ’ ಎನ್ನುತ್ತಾನೆ. ಬೆಳೆಗಾರರಲ್ಲಿ ಕೆಲವರು ಇದನ್ನು ಅರ್ಥ ಮಾಡಿಕೊಂಡಿದ್ದಾರೆ. ಚೀಲ ಹೊರುವ ಮೊದಲು ಮಗನ ಹತ್ತಿರ ಮೊಬೈಲಿನಲ್ಲಿ ಐವರಿ ಕೋಸ್ಟಿನ ದರ ನೋಡಿಸಿ, ಇನ್ನು ಎರಡು ವಾರ ಮಾಲು ಇಟ್ಟುಕೊಳ್ಳುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ.